ಹೇನು ಎಣಿಸುತ್ತಿದ್ದ ಸಿಸ್ಟರ್ ಊರಿಗೆ

ನೇಸ್ ಎಂಬ ಊರಿನಲ್ಲಿರುವ ಮಗಳ ಮನೆಯಿಂದ ಹೊರಟಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ನಾನು ಆಗಲೇ ಸಿಟ್ಟಿನಲ್ಲಿದ್ದೆ. ಹೊರಗೆ ಮಳೆ ಎನ್ನಲಾಗದ, ಮಂಜು ಎನ್ನಲೂ ಆಗದ ಐರ್ಲೆಂಡಿನ ತೇವ. ಮೊಮ್ಮಗಳು ಇರಾ ಬಾಗಿಲ ಹತ್ತಿರ ಕೂತು ಶೂ ಹಾಕಿಕೊಳ್ಳುತ್ತಿದ್ದಳು. "ಸ್ವೆಟರ್ ಹಾಕ್ಕೋ ಪುಟ್ಟಿ, ಚಳಿ ಇದೆ" ಎಂದೆ. ಮಗಳು ವಸುಧಾ ಅಡುಗೆಮನೆಯಿಂದಲೇ ಕೂಗಿದಳು: "ಅಮ್ಮಾ, ಪ್ಲೀಸ್, ಇಂಗ್ಲಿಷಲ್ಲಿ ಹೇಳು."

ಇದು ಆ ಮನೆಯ ಹೊಸ ಕಾನೂನು. ಇರಾಗೆ ಒಂಬತ್ತು ವರ್ಷ. ಓದುವುದರಲ್ಲಿ ಕೊಂಚ ಹಿಂದೆ ಬಿದ್ದಿದ್ದಾಳೆಂದು ಅವಳ ಕ್ಲಾಸ್ ಟೀಚರ್ ವಸುಧಾಳನ್ನು ಕರೆಸಿ, ಮನೆಯಲ್ಲಿ ಬೇರೆ ಭಾಷೆ ಆಡಬೇಡಿ, ಮಗುವಿಗೆ ಕನ್‌ಫ್ಯೂಸ್ ಆಗುತ್ತದೆ ಎಂದರಂತೆ. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿ ದಿನವಿಡೀ ಊರವರ ಬೆನ್ನು ನೆಟ್ಟಗೆ ಮಾಡುವ ನನ್ನ ಮಗಳು, ಟೀಚರ್ ಮುಂದೆ ಮಾತ್ರ ತನ್ನ ಬೆನ್ನು ಬಗ್ಗಿಸಿ "ಯೆಸ್" ಎಂದು ಬಂದಿದ್ದಾಳೆ. ನಾನು ಇಷ್ಟು ದೂರ ಬಂದಿದ್ದೇ ಆ ಮಗುವಿಗೆ ಕಥೆ ಹೇಳಲು. ಈಗ ಸ್ವೆಟರ್ ಹಾಕ್ಕೋ ಎನ್ನುವುದಕ್ಕೂ ನನಗೆ ಪರ್ಮಿಷನ್ ಇಲ್ಲ.

ಇಂಥ ಕಾನೂನು ನನಗೆ ಹೊಸದಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದವರು ಸಿಸ್ಟರ್ ಆಗ್ನೆಸ್. ಐರ್ಲೆಂಡಿನ ಪಶ್ಚಿಮ ಕರಾವಳಿಯ ಗಾಲ್ವೇ ಶಹರದಲ್ಲಿ ಓದಿದವರು. ನಮ್ಮ ಕ್ಲಾಸಿನ ಕಿಟಕಿಯಿಂದ ಚಾಮುಂಡಿ ಬೆಟ್ಟ ಕಾಣುತ್ತಿದ್ದರೂ ಅವರು ಹೇಳುತ್ತಿದ್ದದ್ದು ತಮ್ಮ ಶಾಲೆಯ ಕಿಟಕಿಯ ಮಾತು. ಕಿಟಕಿ ತೆರೆದರೆ ಸಮುದ್ರ. ಚಳಿಗಾಲದಲ್ಲಿ ಗಾಳಿ ಎದ್ದರೆ ಗಾಜಿನ ಮೇಲೆಲ್ಲ ಉಪ್ಪು. ಸಮುದ್ರವನ್ನೇ ಕಾಣದ ನಾವು ಬಾಯಿ ತೆರೆದುಕೊಂಡು ಕೇಳುತ್ತಿದ್ದೆವು. ಅವರು ಕೊಟ್ಟ ಇಂಗ್ಲಿಷಿನಿಂದಲೇ ನಾನು ಕೆಲಸ ಹಿಡಿದದ್ದು, ಪ್ರಪಂಚ ನೋಡಿದ್ದು. ಅದನ್ನು ಅಲ್ಲಗಳೆಯುವುದಿಲ್ಲ.

ಆದರೆ ಸಿಸ್ಟರ್ ಹತ್ತಿರ ಒಂದು ಹಲಗೆಯೂ ಇತ್ತು. ಅಂಗೈಯಗಲದ್ದು, ಹುರಿಗೆ ಪೋಣಿಸಿದ್ದು. ಕಾಂಪೌಂಡಿನೊಳಗೆ ಯಾರ ಬಾಯಿಂದ ಕನ್ನಡ ಬಿತ್ತೋ ಅವರ ಕೊರಳಿಗೆ ಅದು. ಇನ್ನೊಬ್ಬಳು ಕನ್ನಡ ಆಡಿದ್ದನ್ನು ಹಿಡಿದುಕೊಟ್ಟರೆ ಹಲಗೆ ಅವಳ ಕೊರಳಿಗೆ ದಾಟುತ್ತಿತ್ತು. ಸಂಜೆ ಬೆಲ್ ಹೊಡೆದಾಗ ಅದು ಯಾರ ಹತ್ತಿರ ಇರುತ್ತದೋ ಅವಳು ಚಾಪೆಲ್ ಮೆಟ್ಟಿಲ ಮೇಲೆ ಮಂಡಿಯೂರಬೇಕು. ನಾವು ಅದಕ್ಕೆ ಕತ್ತೆ ಹಲಗೆ ಅನ್ನುತ್ತಿದ್ದೆವು. ಗೆಳತಿ ಎಂದರೆ ನಿಮ್ಮ ಬಾಯಿಗೆ ಕಾವಲು ಕೂತವಳು ಎಂದು ನಾವು ಕಲಿತದ್ದು ಅಲ್ಲೇ. ಒಮ್ಮೆ ನಮ್ಮ ಕ್ಲಾಸಿನ ಸರೋಜ ಓಡುವಾಗ ಬಿದ್ದು, ಮಂಡಿ ತರಚಿ, "ಅಮ್ಮಾ" ಎಂದು ಅತ್ತಳು. ಹಲಗೆ ಅವಳ ಕೊರಳಿಗೆ ಬಿತ್ತು. ಬೀಳುವಾಗ "ಮದರ್" ಎನ್ನಬೇಕಿತ್ತೇನೋ!

ಸಿಸ್ಟರಿಗೆ ಇನ್ನೊಂದು ಅಭ್ಯಾಸವಿತ್ತು. ಬೆಳಿಗ್ಗೆ ಸಾಲು ನಿಲ್ಲಿಸಿ, ಪೆನ್ಸಿಲಿನಿಂದ ನಮ್ಮ ಜಡೆ ಎತ್ತಿ ಹೇನು ನೋಡುತ್ತಿದ್ದರು. ಒಂದೊಂದೇ ತಲೆ ಮುಟ್ಟುತ್ತಾ, ತುಟಿಯೊಳಗೇ, "ಅ ಹೇನ್, ಅ ದೋ, ಅ ತ್ರೀ, ಅ ಕ್ಯಾಹರ್, ಅ ಕೂಗ್..." ಎನ್ನುತ್ತಾ ಹೋಗುತ್ತಿದ್ದರು. ನಮಗೆ ಕೇಳಿಸಿದ್ದು ಹೇನು! ಮೊದಲ ತಲೆಗೇ ಹೇನು ಎನ್ನುತ್ತಾರೆಂದು ಸಾಲಿನ ಮೊದಲಲ್ಲಿ ನಿಲ್ಲಲು ಯಾರೂ ಒಪ್ಪುತ್ತಿರಲಿಲ್ಲ. ಐದನೆಯವಳ ತಲೆಯಲ್ಲಿ ಹೇನು ಕೂಗುತ್ತದೆಂದು ನಗು ಬೇರೆ. ಅದು ಹೇನು ಓಡಿಸುವ ಲ್ಯಾಟಿನ್ ಮಂತ್ರ ಎಂದು ಸರೋಜ ಖಡಾಖಂಡಿತ ಹೇಳಿದಳು. ಕುಂಟೆಬಿಲ್ಲೆ ಆಡುವಾಗ ನಾವೂ ಹಾಗೇ ಎಣಿಸುತ್ತಿದ್ದೆವು. ಕನ್ನಡವಲ್ಲವಲ್ಲ, ಹಲಗೆಯ ಭಯವಿಲ್ಲ.

ಸಾಯುವುದರೊಳಗೆ ಆ ಕಿಟಕಿ ನೋಡಬೇಕು, ಸಿಸ್ಟರ್ ಸಮಾಧಿ ಇದ್ದರೆ ಅದನ್ನೂ, ಎಂಬುದು ನನ್ನ ಬಹುಕಾಲದ ಆಸೆ. ಟೀಚರುಗಳಿಗೆ ಟ್ರೈನಿಂಗ್ ಎಂದು ಇರಾಳ ಶಾಲೆಗೆ ಆ ಶುಕ್ರವಾರ ರಜೆ ಬಂತು. ವಸುಧಾಳೂ ರಜೆ ಹಾಕಿದಳು.

ನೇಸ್ ಹತ್ತಿರದ ಸಾಲಿನ್ಸ್ ಸ್ಟೇಷನ್ನಿನಲ್ಲಿ ಹತ್ತಿ, ಪೋರ್ಟಾರ್ಲಿಂಗ್ಟನ್‌ನಲ್ಲಿ ಗಾಲ್ವೇ ರೈಲಿಗೆ ಬದಲಾಯಿಸಿದೆವು. ಟಿಕೆಟ್ ಅಗ್ಗವೇನಲ್ಲ, ಮೊದಲೇ ಆನ್‌ಲೈನಿನಲ್ಲಿ ತೆಗೆದರೆ ಸ್ವಲ್ಪ ಕಡಿಮೆ. ಹೋಗುವವರು ಊಟ ಕಟ್ಟಿಕೊಂಡು ಹೋಗುವುದು ಒಳ್ಳೆಯದು. ನಾವು ಚಿತ್ರಾನ್ನ ಒಯ್ದಿದ್ದೆವು. ಆಥ್ಲೋನ್‌ನಲ್ಲಿ ಶ್ಯಾನನ್ ನದಿಯ ಸೇತುವೆ ದಾಟುವುದು ಚೆನ್ನಾಗಿದೆ. ಅಲ್ಲಿಂದ ಮುಂದೆ ಕಲ್ಲು ಪೇರಿಸಿದ ಗೋಡೆಗಳು, ಒದ್ದೆ ಹಸಿರು, ಕುರಿ. ದಾರಿಯಲ್ಲಿ ಇರಾಗೆ ಇಂಗ್ಲಿಷಿನಲ್ಲೇ ಕಥೆ ಹೇಳಲು ನೋಡಿದೆ. ನನ್ನ ಇಂಗ್ಲಿಷಿಗೆ ಕೊರತೆಯಿಲ್ಲ. ಆದರೆ ಕಥೆಯಲ್ಲಿ ಕರಡಿ ದಡಬಡ ಓಡಿ ಬಂದು ದೊಪ್ಪನೆ ಬೀಳಬೇಕು. ನನ್ನ ಇಂಗ್ಲಿಷಿನಲ್ಲಿ ಅದು ವೇಗವಾಗಿ ಬಂದು ಕೆಳಗೆ ಬಿದ್ದಿತು. ಇರಾ ಮರ್ಯಾದೆಗೆ "ದಟ್ಸ್ ಗ್ರ್ಯಾಂಡ್, ಅಜ್ಜಿ" ಎಂದು ಟ್ಯಾಬ್ಲೆಟ್ ಎತ್ತಿಕೊಂಡಳು.

ಗಾಲ್ವೇ ಸ್ಟೇಷನ್ನಿನ ಹೊರಗಿನ ಚೌಕದಿಂದ, ಸಿಸ್ಟರ್ ಓದಿದ ಶಾಲೆಯಿದ್ದ ಸಾಲ್ಟ್‌ಹಿಲ್ ಬಡಾವಣೆಗೆ ಬಸ್ಸಿದೆ. ನಡೆಯುವ ಶಕ್ತಿ ಇದ್ದವರು ಮುಕ್ಕಾಲು ಗಂಟೆಯಲ್ಲಿ ನಡೆಯಬಹುದು. ಗಾಳಿ ಮಾತ್ರ ಕೊಡೆಯನ್ನು ಬಿಚ್ಚಲು ಬಿಡುವುದಿಲ್ಲ. ರಸ್ತೆ ಬೋರ್ಡುಗಳಲ್ಲೆಲ್ಲ ಐರಿಷ್ ಮೇಲೆ, ಇಂಗ್ಲಿಷ್ ಕೆಳಗೆ. ಸಮುದ್ರದ ದಂಡೆಯ ಒಂದು ಹೋಟೆಲಿನಲ್ಲಿ ತರಕಾರಿ ಸೂಪು, ಕಂದು ಬ್ರೆಡ್ಡು, ಬೆಣ್ಣೆ ತಿಂದೆವು. ಆ ಬ್ರೆಡ್ಡಿನ ರುಚಿ ಇನ್ನೂ ನಾಲಿಗೆಯ ಮೇಲಿದೆ. ಆಮೇಲೆ ಶಾಲೆ ಹುಡುಕಿಕೊಂಡು ಹೊರಟೆವು.

ಶಾಲೆ ಇರಲಿಲ್ಲ. ಕಲ್ಲಿನ ಕಟ್ಟಡವೇನೋ ಹಾಗೇ ಇತ್ತು, ಆದರೆ ಅಪಾರ್ಟ್‌ಮೆಂಟ್ ಆಗಿತ್ತು. ಚಾಪೆಲ್ಲಿನ ಬಣ್ಣದ ಗಾಜಿನ ಹಿಂದೆ ಯಾರದೋ ಎಕ್ಸರ್‌ಸೈಜ್ ಸೈಕಲ್. ಮಹಡಿಯ ಕಿಟಕಿಗಳು ಸಮುದ್ರವನ್ನೇ ನೋಡುತ್ತಿದ್ದವು; ಅವುಗಳಲ್ಲಿ ಸಿಸ್ಟರ್ ಹೇಳಿದ ಕಿಟಕಿ ಯಾವುದೋ. ನಾನು ತಲೆಯೆತ್ತಿ ನಿಂತಿದ್ದನ್ನು ನೋಡಿ ಒಬ್ಬಳು ಪರದೆ ಎಳೆದುಕೊಂಡಳು. ಹಿತ್ತಲಿನಲ್ಲಿ ಹೊಸ ಶಾಲೆಯೊಂದಿತ್ತು, ಗಾಢ ಬಣ್ಣದ ಚಿಕ್ಕ ಕಟ್ಟಡ. ಎಲ್ಲ ಪಾಠವೂ ಐರಿಷಿನಲ್ಲೇ ನಡೆಯುವ ಶಾಲೆ ಎಂದು ವಸುಧಾ ಬೋರ್ಡ್ ಓದಿ ಹೇಳಿದಳು.

ಅಷ್ಟರಲ್ಲಿ ಗೇಟು ತೆರೆಯಿತು. ಹಳದಿ ಜಾಕೆಟ್ ತೊಟ್ಟ ಚಿಕ್ಕ ಮಕ್ಕಳು ಕೈ ಕೈ ಹಿಡಿದು ಸಾಲಾಗಿ ಹೊರಬಂದರು. ರಸ್ತೆ ದಾಟಿಸುವ ಮೊದಲು ಟೀಚರಮ್ಮ ಒಂದೊಂದೇ ತಲೆ ಮುಟ್ಟಿ ಎಣಿಸಿದಳು: "ಅ ಹೇನ್, ಅ ದೋ, ಅ ತ್ರೀ, ಅ ಕ್ಯಾಹರ್, ಅ ಕೂಗ್..."

ನನ್ನ ಕೈಯಿಂದ ಚೀಲ ಜಾರಿತು. "ವಸು, ಕೇಳಿದ್ಯಾ? ಹೇನು ಮಂತ್ರ!" ಎಂದೆ.

"ವಾಟ್ ಮಂತ್ರ? ಅಜ್ಜಿ, ದಟ್ಸ್ ಜಸ್ಟ್ ವನ್, ಟೂ, ಥ್ರೀ," ಎಂದಳು ಇರಾ. "ಇನ್ ಐರಿಷ್. ವಿ ಡು ಇಟ್ ಇನ್ ಸ್ಕೂಲ್." ಬೆರಳು ಮಡಿಸಿ ಹತ್ತರವರೆಗೂ ಎಣಿಸಿ ತೋರಿಸಿದಳು. ಅದೇ ರಾಗ.

ಅಂದರೆ ನಮ್ಮ ಸಿಸ್ಟರ್ ಹೇನನ್ನಲ್ಲ, ನಮ್ಮನ್ನು ಎಣಿಸುತ್ತಿದ್ದರು. ಅದೂ ತಮ್ಮ ಮನೆಮಾತಿನಲ್ಲಿ. ಕೈಯಲ್ಲಿ ನಮ್ಮ ಕೊರಳಿಗೆ ಹಾಕುವ ಹಲಗೆ ಹಿಡಿದುಕೊಂಡು.

ನಾಯಿಯೊಂದಿಗೆ ವಾಕ್ ಹೊರಟಿದ್ದ ಬಿಳಿ ಕೂದಲಿನ ಹೆಂಗಸೊಬ್ಬರು ನನ್ನ ಚೀಲ ಎತ್ತಿಕೊಟ್ಟರು. ಹೆಸರು ಮಾರೀನ್, ಈ ಹಳೆಯ ಶಾಲೆಯಲ್ಲೇ ಪಾಠ ಹೇಳಿ ರಿಟೈರ್ ಆದವರು. ಸಿಸ್ಟರ್ ಹೆಸರು ಹೇಳಿದೆ. "ಇಂಡಿಯಾ ಆಗ್ನೆಸ್?" ಎಂದು ಅವರ ಮುಖ ಅರಳಿತು. ಅಪಾರ್ಟ್‌ಮೆಂಟಿನ ಪಕ್ಕದಲ್ಲಿ ಕಬ್ಬಿಣದ ಶಿಲುಬೆಗಳ ಸಣ್ಣ ಸಾಲಿಗೆ ಕರೆದೊಯ್ದು ಒಂದನ್ನು ತೋರಿಸಿದರು. ಸಮಾಧಿಗೆಂದು ತಂದಿದ್ದ ಹೂವನ್ನು ಇಡಲು ಮನಸ್ಸು ಬರಲಿಲ್ಲ.

"ವಯಸ್ಸಾದ ಮೇಲೆ ಇಲ್ಲಿಗೇ ಕಳಿಸಿದರು," ಎಂದರು ಮಾರೀನ್. "ಐರಿಷನ್ನೇ ಆಡುವ ಕನ್ನೆಮಾರ ಸೀಮೆಯ ಹಳ್ಳಿಯ ಹುಡುಗಿ. ಈ ಶಾಲೆಗೆ ಬರುವಾಗ ಇಂಗ್ಲಿಷಿನ ಒಂದು ಮಾತೂ ಗೊತ್ತಿರಲಿಲ್ಲವಂತೆ. ಆಗಿನ ಸಿಸ್ಟರುಗಳ ಕೈಲಿ ತುಂಬ ಏಟು ತಿಂದವಳು. ಅವಳ ಅಜ್ಜನ ಕಾಲದಲ್ಲಂತೂ ಮಕ್ಕಳ ಕೊರಳಿಗೆ ಕೋಲು ಕಟ್ಟುತ್ತಿದ್ದರು. ಐರಿಷ್ ಆಡಿದರೆ ಕೋಲಿನ ಮೇಲೊಂದು ಗೀರು, ಸಂಜೆ ಗೀರಿಗೊಂದು ಏಟು. ಅಜ್ಜನ ಕೊರಳಲ್ಲೂ ಇತ್ತಂತೆ. ಅದನ್ನು ಹೇಳುವಾಗ ಅವಳು ಅಳುತ್ತಿದ್ದಳು."

"ನಮ್ಮ ಕೊರಳಿಗೆ ಹಾಕಿದ್ದನ್ನು ಹೇಳಲಿಲ್ಲವೇ?" ಎಂದೆ. ಹಲಗೆಯ ಕಥೆ ಪೂರ್ತಿ ಹೇಳಿದೆ, ಸರೋಜಳ ಮಂಡಿಯನ್ನೂ ಬಿಡದೆ.

ಮಾರೀನ್ ಬಗ್ಗಿ ನಾಯಿಯ ಕಿವಿ ತುರಿಸಿದರು. "ಇಲ್ಲ, ಅದನ್ನು ಹೇಳಲಿಲ್ಲ. ಕೊನೆಗೆ ಅವಳಿಗೆ ಇಂಗ್ಲಿಷ್ ಪೂರ್ತಿ ಮರೆತುಹೋಯಿತು. ನೀರು ಬೇಕಾದರೂ ಐರಿಷಿನಲ್ಲೇ. ನರ್ಸ್ ಡಬ್ಲಿನ್ ಹುಡುಗಿ, ಅರ್ಥವಾಗದೆ ನನ್ನನ್ನು ಕರೆಸುತ್ತಿದ್ದಳು. ಗಾಡ್ ಲವ್ ಹರ್, ತನಗೆ ಮಾಡಿದ್ದನ್ನೇ ಅವಳು ನಿಮಗೆ ಮಾಡಿದಳು."

ಗಾಡ್ ಲವ್ ಹರ್ ಎಂದರೆ ನಮ್ಮ 'ಪಾಪ'. ಆ ಪಾಪ ನನ್ನ ಗಂಟಲಲ್ಲಿ ಇಳಿಯಲಿಲ್ಲ. ತಿಳಿಯದೆ ಮಾಡಿದ್ದರೆ ಪಾಪ ಅನ್ನಬಹುದಿತ್ತು. ಹುರಿ ಕತ್ತಿನ ಯಾವ ಜಾಗದಲ್ಲಿ ಉಜ್ಜುತ್ತದೆ ಎಂಬುದು ಅಜ್ಜನ ಬಾಯಿಂದ ಕೇಳಿ ಗೊತ್ತಿದ್ದವರು ಅವರು. ಗೊತ್ತಿದ್ದೂ, ಸಮುದ್ರಗಳನ್ನು ದಾಟಿ ಬಂದು, ಯಾರ ತಂಟೆಗೂ ಹೋಗದ ಮೈಸೂರಿನ ಹುಡುಗಿಯರ ಕೊರಳು ಹುಡುಕಿದರು. ನೀರು ಕೇಳಿ ಅರ್ಥವಾಗದೆ ಹೋದ ಆ ಮುದುಕಿಯನ್ನು ನೆನೆದು ಕಣ್ಣು ತುಂಬಿತು, ನಿಜ. ಅದಕ್ಕೂ ನನಗೆ ಸಿಟ್ಟೇ ಬಂತು.

ವಸುಧಾಳ ಕಡೆ ತಿರುಗಿದೆ. "ಇರಾ ಟೀಚರ್ ನಿನಗೆ ಕೊಟ್ಟಿದ್ದೂ ಇದೇ ಹಲಗೆ ಕಣೇ. ಮರದ್ದಲ್ಲ, ಅಷ್ಟೆ."

"ಅಮ್ಮ, ಇಲ್ಲಿ ಬೇಡ."

"ಮತ್ತೆಲ್ಲಿ? ಅವಳದೇ ಸ್ಕೂಲಲ್ಲಿ ಐರಿಷ್ ಕಲಿಸ್ತಾರಲ್ಲ, ಅದಕ್ಕೆ ಮಗು ಕನ್‌ಫ್ಯೂಸ್ ಆಗಲ್ವಾ? ಕನ್ನಡಕ್ಕೆ ಮಾತ್ರ ಆಗುತ್ತಾ? ನಾನ್‌ಸೆನ್ಸ್!"

"ನೀನು ಚಳಿಗಾಲ ಮುಗಿದ ಮೇಲೆ ಫ್ಲೈಟ್ ಹತ್ತಿಬಿಡ್ತೀಯ," ಎಂದಳು ವಸುಧಾ. "ಅವಳು ಇಲ್ಲೇ ಇರ್ಬೇಕು. ಕ್ಲಾಸಲ್ಲಿ ಗಟ್ಟಿಯಾಗಿ ಓದೋಕ್ ಹೇಳಿದ್ರೆ ಬಾತ್ರೂಮಿಗೆ ಹೋಗಿ ಬಚ್ಚಿಟ್ಕೋತಾಳೆ. ಅದನ್ನ ನೋಡಿದ್ದೀಯಾ ನೀನು? ಯಾರೋ ಒಂದು ದಾರಿ ಹೇಳಿದ್ರು, ಹಿಡಿದೆ."

ಇರಾ ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ ಎಂಬುದನ್ನು ನಾವಿಬ್ಬರೂ ಮರೆತಿದ್ದೆವು.

ಮಾರೀನ್‌ಗೆ ಭಾಷೆ ತಿಳಿಯದಿದ್ದರೂ ಜಗಳ ತಿಳಿಯಿತು. "ಹೋಗಿ ಗೋಡೆ ಒದೆಯಿರಿ," ಎಂದರು. ಸಾಲ್ಟ್‌ಹಿಲ್‌ನಲ್ಲಿ ಸಮುದ್ರದ ದಂಡೆಯ ಕಾಲುಹಾದಿ ಮುಗಿಯುವಲ್ಲಿ ಒಂದು ಗೋಡೆಯಿದೆ. ವಾಕ್ ಬಂದವರೆಲ್ಲ ಅದಕ್ಕೊಂದು ಒದೆ ಕೊಟ್ಟೇ ಹಿಂತಿರುಗುವುದು ಊರಿನ ಪದ್ಧತಿ. ಯಾಕೆಂದು ಕೇಳಿದರೆ, "ಗೋಡೆ ಇದೆಯಲ್ಲ, ಅದಕ್ಕೆ" ಎಂದರು.

ಗಾಳಿಗೆ ಎದುರಾಗಿ ನಡೆದೆವು. ನಮ್ಮ ಮುಂದಿದ್ದ ಗಂಡಹೆಂಡತಿ ಗೋಡೆಗೆ ಶೂ ತುದಿ ತಾಗಿಸಿ ನಗುತ್ತಾ ತಿರುಗಿದರು. ನಾನು ಸೀರೆ ಎತ್ತಿ ಹಿಡಿದು ಒದ್ದೆ. ಹಲಗೆಗೊಂದು. ಸರೋಜಳ ಮಂಡಿಗೊಂದು. ನೇಸ್‌ನ ಟೀಚರಿಗೂ ಕೊಡುತ್ತಿದ್ದೆ, ವಸುಧಾ ತೋಳು ಹಿಡಿದಳು. "ಸಾಕು ಬಾಮ್ಮ, ಕಾಲ್ ಮುರ್ಕೋತೀಯ." ಆಮೇಲೆ ಅವಳೂ ಒಂದು ಒದೆ ಕೊಟ್ಟಳು, ಜೋರಾಗಿಯೇ. ಯಾರಿಗೆಂದು ಹೇಳಲಿಲ್ಲ. ನನಗೇ ಇರಬಹುದು.

ಸಂಜೆಯ ರೈಲಿನಲ್ಲಿ ಕೂತಾಗ ಹೂವು ಇನ್ನೂ ನನ್ನ ಚೀಲದಲ್ಲೇ ಇತ್ತು. ಕಿಟಕಿಯಾಚೆ ಕೊಲ್ಲಿಯ ನೀರು ಸ್ವಲ್ಪ ಹೊತ್ತು ಜೊತೆಗೆ ಬಂದು ಹಿಂದೆ ಸರಿಯಿತು. ಇರಾ ಹತ್ತಿರ ಸರಿದು, "ಅಜ್ಜಿ, ವಾಟ್ಸ್ ಹೇನು?" ಎಂದಳು. ನಾನು ಇಂಗ್ಲಿಷಿನಲ್ಲಿ ಹೇಳಲಿಲ್ಲ. ಇಡೀ ಬೋಗಿ ಕೇಳುವ ಹಾಗೆ, ತಲೆಯಲ್ಲಿ ಹುಟ್ಟಿ ಮೊಟ್ಟೆಯಿಟ್ಟು ಬುಳುಬುಳು ಓಡಾಡಿ ಕಚ್ಚುವ ಪ್ರಾಣಿಯನ್ನು ಅಚ್ಚ ಕನ್ನಡದಲ್ಲಿ ವರ್ಣಿಸಿದೆ. ಬೆರಳಿನಿಂದ ಅವಳ ನೆತ್ತಿಯ ಮೇಲೆ ಓಡಿಸಿಯೂ ತೋರಿಸಿದೆ. ವಸುಧಾ ಕಣ್ಣು ಮುಚ್ಚಿ ಕೂತಿದ್ದಳು. ಹಲಗೆ ತರುವುದಾದರೆ ತರಲಿ ಎಂದು ನಾನೂ ಕತ್ತು ನೆಟ್ಟಗಿಟ್ಟುಕೊಂಡಿದ್ದೆ.

ಇರಾ ನಕ್ಕಳು, ಕಿರುಚಿದಳು, ಆಮೇಲೆ ಗಂಭೀರವಾಗಿ ತಲೆ ಕೆರೆದುಕೊಳ್ಳತೊಡಗಿದಳು. "ಅಮ್ಮಾ," ಎಂದಳು, ಐರಿಷ್ ರಾಗದಲ್ಲಿ ಒಂದೊಂದೇ ಪದ ಹುಡುಕುತ್ತಾ, "ನನ್ನ ತಲೆ... ಹೇನು ಇದ್ಯಾ?"

ವಸುಧಾ ತಟ್ಟನೆ ಕಣ್ಣು ಬಿಟ್ಟಳು. "ಅಯ್ಯೋ, ಎಲ್ಲಿ, ಬಾ ಇಲ್ಲಿ ನೋಡೋಣ," ಎಂದು ಮಗಳ ತಲೆಯನ್ನು ಮಡಿಲಿಗೆ ಎಳೆದುಕೊಂಡು ಕೂದಲು ಬಿಡಿಸತೊಡಗಿದಳು. ತಾನು ಯಾವ ಭಾಷೆಯಲ್ಲಿ ಹೇಳಿದೆನೆಂದು ಅವಳಿಗೆ ಗೊತ್ತಾದದ್ದು ಆಮೇಲೆ. ನನ್ನನ್ನು ನೋಡಿದಳು. ನಾನು ಹಿಡಿದುಕೊಡಲಿಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿ, ಗೋಡೆ ಒದ್ದು ಊದಿದ ಕಾಲ್ಬೆರಳನ್ನು ಉಜ್ಜುತ್ತಾ ಕೂತೆ.