ಟ್ರೈಲರಿಗೂ ಎರಡು ನಿಂಬೆಹಣ್ಣು

ಹೊಸ ಗಾಡಿ ಮನೆಗೆ ಬಂದರೆ ಅದರ ನಾಲ್ಕು ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು, ಅವು ಪಚಕ್ಕೆಂದು ಅಪ್ಪಚ್ಚಿಯಾಗುವಂತೆ ಗಾಡಿಯನ್ನು ಮುಂದಕ್ಕೆ ಬಿಡಬೇಕೆಂಬುದು ನಿಮಗೆ ಗೊತ್ತೇ ಇದೆ. ಆದರೆ ಆ ಗಾಡಿಯ ಬೆನ್ನಿಗೆ ಎರಡು ಚಕ್ರದ ಟ್ರೈಲರೊಂದು ಕೊಂಡಿ ಹಾಕಿಕೊಂಡು ನಿಂತಿದ್ದರೆ ಅದಕ್ಕೂ ನಿಂಬೆಹಣ್ಣಿನ ಹಕ್ಕುಂಟೋ ಇಲ್ಲವೋ ಎಂಬುದನ್ನು ನಮ್ಮ ಹಿರಿಯರಾರೂ ಹೇಳಿಹೋಗಿಲ್ಲ, ಪಾಪ, ಅವರಿಗೆ ಅಂಥ ಪ್ರಸಂಗ ಬಂದಿರಲಿಲ್ಲ. ನಾನಂತೂ ಹಕ್ಕುಂಟು ಎನ್ನುವ ಪಕ್ಷದವಳು. ಎಳೆಯುವುದು ಎಷ್ಟು ದೂರ ಹೋಗುತ್ತದೋ ಎಳೆಸಿಕೊಳ್ಳುವುದೂ ಅಷ್ಟೇ ದೂರ ಹೋಗುತ್ತದೆ, ಅದೇ ಧೂಳು ಕುಡಿಯುತ್ತದೆ, ಅದೇ ಗುಂಡಿಗೆ ಬೀಳುತ್ತದೆ. ಹೀಗಿರುವಾಗ ಪೂಜೆ ಮಾತ್ರ ಮುಂದಿನದಕ್ಕೆ ಏಕೆ, ನೀವೇ ಹೇಳಿ.

ಇಷ್ಟು ಖಚಿತವಾಗಿ ಹೇಳಲು ನನಗೆ ಕಾರಣವಿದೆ. ಮದುವೆಯಾಗಿ ಮೈಸೂರಿನಿಂದ ಹೊರಟ ನಾನು ಮೊದಲು ಬ್ರಿಸ್ಬೇನಿಗೆ, ಅಲ್ಲಿಂದ ಪರ್ತಿಗೆ, ಎರಡು ಸಲವೂ ನನ್ನ ಗಂಡ ಮುಕುಂದನ ಕೆಲಸದ ಹಿಂದೆ ಬಂದವಳು. ಊರಿನಲ್ಲಿ ಫಿಸಿಯೋಥೆರಪಿ ಕಲಿಸುತ್ತಿದ್ದವಳು ಇಲ್ಲಿ ಮತ್ತೆ ಪರೀಕ್ಷೆಗೆ ಕೂತೆ, ವೃದ್ಧಾಶ್ರಮದಲ್ಲಿ ಅಜ್ಜಿಯರ ಕಾಲು ನೀವಿದೆ, ಅರೆಕಾಲಿಕ ಕೆಲಸಗಳಲ್ಲಿ ಪೂರ್ಣಕಾಲ ದುಡಿದೆ. ಮುಕುಂದ ಕೆಟ್ಟ ಗಂಡನಲ್ಲ, ಒಳ್ಳೆಯ ಎಂಜಿನಿಯರ್. ಎಂಜಿನಿಯರ್ ಗಂಡಂದಿರು ನಲ್ಲಿ ಸೋರಿದರೆ ಕೂಡಲೇ ಗಮನಿಸುತ್ತಾರೆ, ಹೆಂಡತಿ ಸುಮ್ಮನಾದರೆ ಸ್ವಲ್ಪ ಸಮಯ ಹಿಡಿಯುತ್ತದೆ.

ಪರ್ತಿನಲ್ಲಿ ನಮ್ಮದೊಂದು ಮುಚ್ಚಿದ ಟ್ರೈಲರ್ ಇತ್ತು. ಕನ್ನಡದ ಮನೆಗಳೆಲ್ಲ ಸೇರಿ ಸ್ವಾನ್ ವ್ಯಾಲಿಯ ಕಡೆ ವನಭೋಜನಕ್ಕೆ ಹೋಗುವಾಗ ಜಮಖಾನ, ಕೊಳದಪ್ಪಲೆ, ಬಾಣಲೆ, ಬಾರ್ಬೆಕ್ಯೂ ಹೆಂಚು ಎಲ್ಲವೂ ಅದರ ಹೊಟ್ಟೆಯಲ್ಲಿ. ಅದನ್ನು ಎಳೆಯುತ್ತಿದ್ದ ಹಳೆಯ ಕಾರು ಒಂದು ಬೇಸಗೆಯಲ್ಲಿ ಕೈಯೆತ್ತಿತು. ಮುಂದೆ ಕಾರಿನಂತೆ ಕೂರುವ, ಹಿಂದೆ ಲಾರಿಯಂತೆ ಹೊರುವ, ಇಲ್ಲಿನವರು ಯೂಟ್ ಎಂದು ಮುದ್ದಾಗಿ ಕರೆಯುವ ಗಾಡಿಯನ್ನೇ ಕೊಳ್ಳುವುದೆಂದಾಯಿತು. ಸಣ್ಣ ಗಾಡಿ ಕೊಂಡರೆ ಮೂಗಿಗಿಂತ ಮೂಗುತಿ ಭಾರವಾದೀತೆಂಬುದರಲ್ಲಿ ಇಬ್ಬರಿಗೂ ಒಮ್ಮತವಿತ್ತು. ಪೆಟ್ರೋಲೋ ಡೀಸೆಲೋ ಎಂಬಲ್ಲಿ ಮಾತ್ರ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು.

ಮುಕುಂದ ಪೆಟ್ರೋಲಿನ ವಕೀಲ. ಪೆಟ್ರೋಲ್ ಎಂಜಿನ್ ಸದ್ದಿಲ್ಲದ ಸಭ್ಯ ಜೀವಿ, ಕೊಳ್ಳುವಾಗಲೂ ಅಗ್ಗ, ರಿಪೇರಿಯೂ ಹಗುರ ಎನ್ನುವನು. ಡೀಸೆಲಿಗೆ ಎಳೆಯುವ ಕಸುವು ಹೆಚ್ಚು, ಭಾರ ಹೇರಿದಾಗ ಕುಡಿಯುವುದು ಕಡಿಮೆ, ಏರಿನಲ್ಲಿ ಅರಚದೆ ನಿಧಾನವಾಗಿ ಹತ್ತುತ್ತದೆ ಎಂಬುದನ್ನೆಲ್ಲ ಒಪ್ಪುತ್ತಿದ್ದ. ಒಪ್ಪಿದ ಮೇಲೆ ತನ್ನ ಬ್ರಹ್ಮಾಸ್ತ್ರ ತೆಗೆಯುತ್ತಿದ್ದ. ಈಗಿನ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿಯೊಂದಿದೆಯಂತೆ. ಗಾಡಿ ಆಗಾಗ ಬಹುದೂರ ಓಡಿ ಚೆನ್ನಾಗಿ ಕಾದರೆ ಆ ಮಸಿ ತಾನೇ ಸುಟ್ಟುಹೋಗುತ್ತದೆ, ಬರೀ ಅಂಗಡಿಗೂ ಆಫೀಸಿಗೂ ಓಡಾಡಿಕೊಂಡಿದ್ದರೆ ಜಾಲರಿ ಕಟ್ಟಿಕೊಂಡು ಗಾಡಿ ಮುನಿಸಿಕೊಳ್ಳುತ್ತದೆ. "ನಮ್ಮದೇನಿದ್ರೂ ವ್ಯಾಲಿ ತನಕ ಓಡಾಟ. ಡೀಸೆಲ್ ತಗೊಂಡು ಏನ್ ಮಾಡೋದು?" ಎಂದು ಊಟದ ಹೊತ್ತಿಗೆ ತಪ್ಪದೆ ಹೇಳುತ್ತಿದ್ದ.

ದೂರ ಹೋಗದಿದ್ದರೆ ಒಳಗೆ ಮಸಿ ಕಟ್ಟುತ್ತದೆ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಆ ಗಾಡಿಯ ಮೇಲೆ ಅಕ್ಕರೆ ಬರುತ್ತಿತ್ತು. ಏಕೆಂದರೆ ಅದೇ ದಿನಗಳಲ್ಲಿ, ಪರ್ತಿನಿಂದ ದಿನಗಟ್ಟಲೆ ದಾರಿಯಾಚೆಗಿನ ಅಡಿಲೇಡಿನ ಬೆಡ್‌ಫರ್ಡ್ ಪಾರ್ಕಿನಿಂದ ನನಗೊಂದು ಕರೆ ಬಂದಿತ್ತು. ಅಲ್ಲಿನ ದೊಡ್ಡ ಬೋಧನಾ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುವುದರ ಜೊತೆಗೆ ವಿದ್ಯಾರ್ಥಿಗಳಿಗೆ ಕಲಿಸುವ ಕೆಲಸ. ನನಗೆ ಆ ಕೆಲಸ ಬೇಕಿತ್ತು. ಮರ್ಯಾದೆಗೆ ಬೇಕು ಎನ್ನುವ ಬೇಕಲ್ಲ, ಹಸಿದವರಿಗೆ ಅನ್ನ ಬೇಕಾದ ಹಾಗೆ ಬೇಕಿತ್ತು. ಹೇಳಿದಾಗ ಮುಕುಂದ "ಒಳ್ಳೇದಾಯ್ತು, ನೋಡೋಣ" ಎಂದಿದ್ದ. ಗಂಡನ "ನೋಡೋಣ" ಎಷ್ಟು ದೂರ ನೋಡುತ್ತದೆಂದು ನಿಮಗೂ ಅನುಭವವಿರಬೇಕು. ಆಸ್ಪತ್ರೆಯವರು ಉತ್ತರಕ್ಕೆ ಕಾಯುತ್ತಿದ್ದರು, ನಾವು ಗಾಡಿಯ ಮಾತಾಡುತ್ತಿದ್ದೆವು. ಅವನು ಬರುವುದಿಲ್ಲವೆಂದರೆ ಮಗಳನ್ನು ಕಟ್ಟಿಕೊಂಡು ನಾನೊಬ್ಬಳೇ ಹೋಗುವುದೇ, ಇಲ್ಲ ಈ ಸಲವೂ ನುಂಗಿಕೊಂಡು ಸುಮ್ಮನಾಗುವುದೇ ಎಂದು ಒಳಗೊಳಗೇ ಹೆದರಿದ್ದೆ.

ಕೊನೆಗೆ ಮುಕುಂದ ಬ್ರಿಸ್ಬೇನಿಗೆ ಫೋನ್ ಮಾಡಿದ. ಅಲ್ಲಿ ನಮ್ಮ ಹಳೆಯ ನೆರೆಮನೆಯ ವಿನ್ಸೆಂಟ್ ಅಂಕಲ್ ಇದ್ದಾರೆ. ಉಡುಪಿ ಕಡೆಯವರು, ಕುವೈತಿನಲ್ಲಿ ಅರ್ಧ ಆಯುಸ್ಸು ಕಳೆದು ಬಂದವರು, ನಿವೃತ್ತಿಯ ನಂತರ ಹೆಂಡತಿಯನ್ನೂ ಕ್ಯಾರವಾನನ್ನೂ ಜೊತೆಗಿಟ್ಟುಕೊಂಡು ಕರಾವಳಿಯುದ್ದಕ್ಕೂ ತಿರುಗುವವರು. ಮುಕುಂದನ ವಾದವನ್ನೆಲ್ಲ ಅವರು ತಾಳ್ಮೆಯಿಂದ ಕೇಳಿದರು. ಫೋನಿನ ಸ್ಪೀಕರ್ ಹಾಕಿದ್ದರಿಂದ ಅವರ ಸ್ವರ ಅಡುಗೆಮನೆಗೂ ಕೇಳುತ್ತಿತ್ತು.

"ಅದೆಲ್ಲ ಸರಿ ಮಾರಾಯ, ಗಾಡಿ ಎಲ್ಲಿಗೆ ಹೋಗ್ಲಿಕ್ಕೆ ಅಂತ ಹೇಳು ಮೊದ್ಲು. ವ್ಯಾಲಿಗೆ ಹೋಗಿ ಚಿತ್ರಾನ್ನ ತಿಂದು ಬರ್ಲಿಕ್ಕಾದ್ರೆ ಪೆಟ್ರೋಲ್ ಧಾರಾಳ ಸಾಕು. ಟ್ರೈಲರ್ ಎಳ್ಕೊಂಡು ನಲ್ಲಾರ್‌ಬೋರ್ ಬಯಲು ದಾಟ್ಲಿಕ್ಕುಂಟಾದ್ರೆ ಡೀಸೆಲ್. ಎಲ್ಲಿಗೆ ಅಂತ ಗೊತ್ತಿಲ್ಲದೆ ಎಂಜಿನ್ ಆರಿಸುದು ಹೇಗೆ?"

ನಾನು ಸೌಟನ್ನು ಕೈಯಲ್ಲಿ ಹಿಡಿದೇ ಹೊರಗೆ ಬಂದು, "ಅಡಿಲೇಡಿಗೆ ಅಂಕಲ್. ನಂಗೆ ಅಲ್ಲಿ ಕೆಲಸ ಸಿಕ್ಕಿದೆ" ಎಂದೆ. ಅಂಕಲ್ ಸಂತೋಷದಿಂದ ಕೂಗಿದ ಕೂಗಿಗೆ ಫೋನು ನಡುಗಿತು. ಕರೆ ಮುಗಿದ ಮೇಲೆ ಮುಕುಂದನಿಗೆ ಹೇಳಿದೆ: "ನೀನು ಪೆಟ್ರೋಲ್ ಪೆಟ್ರೋಲ್ ಅಂತಿದ್ದಿದ್ದು ಗಾಡಿ ವಿಷಯ ಅಲ್ಲ ಅಂತ ನಂಗೊತ್ತು. ನಾನು ಹೋಗ್ತೀನಿ ಮುಕುಂದ. ನೀನೂ ಬಂದ್ರೆ ನಂಗೆ ತುಂಬಾ ಇಷ್ಟ."

ಅವನು ಹಿತ್ತಲಿಗೆ ಹೋಗಿ ನಿಂಬೆಗಿಡಕ್ಕೆ ನೀರು ಹಾಕಿದ. ಪರ್ತಿನ ಆ ಮರಳಿನಲ್ಲಿ ಅವನು ಹಟ ಹಿಡಿದು ಬೆಳೆಸಿದ ಗಿಡ ಅದು. ಬಿಟ್ಟು ಹೋಗುವ ಸಂಕಟ ಎಂಥದೆಂದು ಎರಡು ಸಲ ಬಿಟ್ಟು ಬಂದ ನನಗೆ ಗೊತ್ತಿಲ್ಲವೇ. ಅವನ ಬೆನ್ನು ನೋಡಿ ಅಯ್ಯೋ ಎನ್ನಿಸಿತು, ಆದರೆ ಮಾತು ಹಿಂತೆಗೆದುಕೊಳ್ಳಬೇಕೆಂದು ಮಾತ್ರ ಅನ್ನಿಸಲಿಲ್ಲ. ಆ ವಾರಾಂತ್ಯ ಅವನು ತಾನಾಗಿ ನನ್ನನ್ನು ಗಾಡಿಗಳ ಅಂಗಡಿಗೆ ಕರೆದುಕೊಂಡು ಹೋಗಿ ಡೀಸೆಲ್ ಯೂಟೊಂದರ ಬಾಗಿಲು ತೆಗೆದು, "ಹತ್ತು, ಓಡಿಸಿ ನೋಡೋಣ" ಎಂದ. ಅದು ನಿಜವಾಗಿಯೂ ನೋಡುವ "ನೋಡೋಣ" ಆಗಿತ್ತು.

ಹೊರಡುವ ಬೆಳಿಗ್ಗೆ ನಾನು ಆರು ನಿಂಬೆಹಣ್ಣು ತಂದೆ. ಮುಕುಂದ ನಕ್ಕ. "ಟ್ರೈಲರಿಗೂನಾ? ಅದಕ್ಕೆ ಎಂಜಿನ್ನೇ ಇಲ್ವಲ್ಲೇ! ನಿಂಬೆರಸ ರಬ್ಬರಿಗೂ ಒಳ್ಳೇದಲ್ಲ." ನಾನು ಕೇಳಲಿಲ್ಲ, ಆರನ್ನೂ ಇಟ್ಟೆ, ಆರೂ ಅಪ್ಪಚ್ಚಿಯಾದವು. ನಮ್ಮ ಮಗಳು ಇಶಾ ಹಿಂದಿನ ಸೀಟಿನಿಂದ "ಕ್ಯಾನ್ ವಿ ಜಸ್ಟ್ ಗೋ?" ಎಂದಳು.

ದಿನಗಟ್ಟಲೆ ಸಾಗುವ ಆ ಬಯಲು ದಾರಿಯಲ್ಲಿ ಡೀಸೆಲ್ ಎಂಜಿನ್ ತನ್ನ ಮಾತು ಉಳಿಸಿಕೊಂಡಿತು. ಎದುರುಗಾಳಿ ಬಂದರೂ, ಬೆನ್ನಿಗೆ ನಮ್ಮ ಇಡೀ ಸಂಸಾರ ಜೋತುಬಿದ್ದಿದ್ದರೂ, ಗುರುಗುಟ್ಟುತ್ತ ಒಂದೇ ಹದದಲ್ಲಿ ಓಡಿತು. ಇಲ್ಲಿನವರು ಸರ್ವೋ ಎನ್ನುವ ಪೆಟ್ರೋಲ್ ಬಂಕುಗಳಲ್ಲಿ ಒಂದಾದ ಮೇಲೊಂದರಂತೆ ಡೀಸೆಲ್ ತುಂಬಿಸುತ್ತ ಮುಕುಂದನೂ ಕ್ರಮೇಣ ಅದರ ಅಭಿಮಾನಿಯಾದ. ದಕ್ಷಿಣ ಆಸ್ಟ್ರೇಲಿಯಾದೊಳಗೆ ಹೊರಗಿನ ಹಣ್ಣು ತರಕಾರಿ ಒಯ್ಯುವಂತಿಲ್ಲ, ಹಣ್ಣಿನ ನೊಣ ಬಂದುಬಿಟ್ಟೀತೆಂಬ ಭಯ. ಹೀಗಾಗಿ ಸೆಡೂನಾದ ತಪಾಸಣೆ ಕಟ್ಟೆ ಬರುವ ಮೊದಲೇ ಸೇಬು ತಿಂದು, ಟೊಮೇಟೊ ಚೆಲ್ಲಿ, ಕರಿಬೇವಿನ ಎಲೆಯೊಂದೂ ಉಳಿಯದಂತೆ ಡಬ್ಬಿ ಕೊಡವಿದ್ದೆವು.

ಕಟ್ಟೆಯ ಅಧಿಕಾರಿ ನಗುಮುಖದ ಹೆಂಗಸು. "ಎನಿ ಫ್ರೂಟ್, ಲವ್?" ಎಂದು ಕೇಳಿದಳು. ಇಲ್ಲವೇ ಇಲ್ಲವೆಂದು ಮುಕುಂದ ಎದೆ ತಟ್ಟಿ ಹೇಳಿದ. ಅವಳು ಟ್ರೈಲರಿನ ಹಿಂದಕ್ಕೆ ಹೋದವಳು ಅಲ್ಲೇ ನಿಂತು, "ದೆನ್ ಹೂ ಈಸ್ ದಿಸ್ ಲಿಟಲ್ ಫೆಲ್ಲಾ?" ಎಂದು ಕರೆದಳು. ಹೋಗಿ ನೋಡಿದೆವು. ಟ್ರೈಲರಿನ ನಂಬರ್ ಪ್ಲೇಟಿನ ಕೆಳಗೆ, ಹಸಿಮೆಣಸಿನಕಾಯಿಗಳ ನಡುವೆ, ಧೂಳು ಮೆತ್ತಿದ ಒಂದು ನಿಂಬೆಹಣ್ಣು ದಾರದಲ್ಲಿ ತೂಗುತ್ತಿತ್ತು.

ನಾನು ಕಟ್ಟಿದ್ದಲ್ಲ. ಮುಕುಂದನ ಕಿವಿ ಕೆಂಪಾಗಿತ್ತು. "ಸಾರಿ, ಮರೆತೇಬಿಟ್ಟಿದ್ದೆ" ಎಂದು ಇಂಗ್ಲಿಷಿನಲ್ಲಿ ತೊದಲಿ, "ಇಟ್ ಈಸ್ ಫಾರ್ ಪ್ರೊಟೆಕ್ಷನ್" ಎಂದ. ಇಶಾ ಮುಖ ಮುಚ್ಚಿಕೊಂಡಳು. ಅಧಿಕಾರಿ ಅಪ್ಪ, ಮಗಳು, ನಿಂಬೆಹಣ್ಣು ಮೂವರನ್ನೂ ನೋಡಿ ನಕ್ಕು, "ವೆಲ್, ಇಟ್ ಗಾಟ್ ಯೂ ದಿಸ್ ಫಾರ್" ಎಂದು ಕತ್ತರಿ ತೆಗೆದಳು. ಮುಕುಂದ ಆ ಕತ್ತರಿಯನ್ನು ಕೇಳಿ ಪಡೆದು ದಾರವನ್ನು ತಾನೇ ಕತ್ತರಿಸಿದ.

"ನಮ್ಮ ಗಿಡದ್ದು," ಎಂದ ನನಗೆ. "ಹೊರಡೋ ಮುಂಚೆ ಕಟ್ಟಿದ್ದೆ. ಈ ಸಲ ಎಳೆಸ್ಕೊಂಡು ಬರ್ತಿರೋದು ನಾನಲ್ವಾ?"

ಕ್ಷಣಕಾಲ ಹಣ್ಣನ್ನು ಮೂಗಿಗೆ ಹಿಡಿದು, ಮೆಣಸಿನಕಾಯಿಯ ಸಮೇತ ತೊಟ್ಟಿಗೆ ಹಾಕಿದ. ಆಮೇಲೆ ಓಡಿಸುವವರ ಬಾಗಿಲಿಗೆ ಹೋಗದೆ ಈಚೆ ಬಂದು ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು, "ಇಲ್ಲಿಂದಾಚೆ ನಿನ್ನೂರು, ನೀನೇ ಓಡಿಸು" ಎಂದ. ನನಗೆ ಅಳು ಬಂತು, ಅತ್ತುಕೊಂಡೇ ಗಾಡಿ ಎಬ್ಬಿಸಿದೆ.

ಈಗ ನಾವಿರುವುದು ಅಡಿಲೇಡಿನ ಬ್ಲೇರ್ ಅಥಾಲಿನಲ್ಲಿ. ಬೆಡ್‌ಫರ್ಡ್ ಪಾರ್ಕ್ ಊರಿನ ಇನ್ನೊಂದು ತುದಿಗಿರುವುದರಿಂದ ಗಾಡಿಗೆ ಮಸಿ ಕಟ್ಟುವಷ್ಟು ಬಿಡುವಿಲ್ಲ. ಹಿತ್ತಲಲ್ಲಿ ಹೊಸ ನಿಂಬೆಗಿಡವಿದೆ, ಇನ್ನೂ ಕಾಯಿ ಬಿಟ್ಟಿಲ್ಲವಾದ್ದರಿಂದ ಆಯುಧಪೂಜೆಗೆ ಪಕ್ಕದ ಮನೆಯ ಮರದಿಂದ ಹಣ್ಣು ಕೇಳಿ ತರುತ್ತೇವೆ. ತರುವವಳು ನಾನು, ಇಡುವವನು ಮುಕುಂದ. ಅವನು ಮೊದಲು ಟ್ರೈಲರಿಗೆ ಇಡುತ್ತಾನೆ.