ಬರ್ನರ್ ಮೇಲೆ ಬೋರಲು ಹಾಕಿದ ಬಟ್ಟಲು

ಏಳು ವಾರ ನಾನು ನನ್ನ ನೆಗೆಣ್ಣಿಯನ್ನು, ಅಂದರೆ ಗಂಡನ ಅಣ್ಣನ ಹೆಂಡತಿಯನ್ನು, ದಿನ ಬಿಟ್ಟು ದಿನ ಸೋಲಿಸಿದೆ. ಏಳು ಅನ್ನುವುದು ನೆನಪಿನ ಲೆಕ್ಕ. ಆ ವರ್ಷದ ಡೈರಿ ತೆಗೆದು ಎಣಿಸಿದರೆ ನಾಲ್ಕೇ ವಾರ ಸಿಗುತ್ತದೆ. ಉಳಿದ ಮೂರು ವಾರಗಳನ್ನು ನಾನೇ ಆಮೇಲೆ ಸೇರಿಸಿಕೊಂಡಿರಬೇಕು.

ಎಂಬತ್ತರ ದಶಕದ ಮೊದಮೊದಲಿಗೆ, ಎಂ.ಎ. ಮುಗಿಸಿದ ವರ್ಷವೇ, ಆಳಂದದಿಂದ ಅಫಜಲಪುರಕ್ಕೆ ಸೊಸೆಯಾಗಿ ಬಂದೆ. ಮನೆಯ ಮುಂದಿನ ಪಡಸಾಲೆಯಲ್ಲಿ ಮಾವನ ಹೋಟೆಲ್, ಹಿಂದೆ ನಾವು. ಅಡುಗೆಮನೆಯ ಪಕ್ಕದ ತಗಡಿನ ಛಾವಣಿಯ ಕೆಳಗೆ ಕಬ್ಬಿಣದ ಬಾಯ್ಲರ್ ಇತ್ತು. ಅದರ ಉಗಿಯಲ್ಲೇ ಇಡ್ಲಿ ಬೇಯಬೇಕು, ಹಾಲು ಕಾಯಬೇಕು. ಕೆಳಗೆ ಗಾಳಿ ಹೊಡೆದು ಉರಿಸುವ ಸೀಮೆಎಣ್ಣೆಯ ಬರ್ನರ್. ಅದನ್ನು ಹೊರಗೆ ಎಳೆದು ಹಚ್ಚಿ, ನೀಲಿ ಉರಿ ಬಂದ ಮೇಲೆ ಒಳಗೆ ತಳ್ಳಬೇಕು.

ಹೊಸ ಸೊಸೆಯ ಪಾಲಿಗೆ ಬಂದದ್ದು ಆ ಕೆಲಸ. ಊರಿನ ಹೈಸ್ಕೂಲಿನಲ್ಲಿ ಜೂನ್‌ನಿಂದ ನನಗೆ ಪಾಠ ಹೇಳುವ ಕೆಲಸ ಸಿಗುವುದಿತ್ತು. ಮಾವನ ಷರತ್ತು ಒಂದೇ.

"ಸಾಲಿಗಿ ಹೋಗ್ಲಾಕ ನಂದೇನು ಅಡ್ಡಿಲ್ಲ ತಂಗಿ. ಮುಂಜಾನಿ ಬಾಯ್ಲರ್ ಮಾತ್ರ ನಿಂದ್ರಬಾರ್ದು."

ಬಾಯ್ಲರ್ ನಿಲ್ಲುತ್ತಿತ್ತು. ಹಚ್ಚಿದ ಹತ್ತು ನಿಮಿಷಕ್ಕೆ ಉರಿ ಹಳದಿಯಾಗಿ, ಉಸಿರುಗಟ್ಟಿದಂತೆ ಕೆಮ್ಮಿ, ಆರಿಹೋಗುತ್ತಿತ್ತು. ಹೊರಗೆ ಗಿರಾಕಿಗಳು ಬೆಂಚು ಬಡಿಯುತ್ತಿದ್ದರು. ನೆಗೆಣ್ಣಿ ಬಾಗಿಲಿಗೆ ಬಂದು ಅವರಿಗೂ ಕೇಳುವಷ್ಟು ಜೋರಾಗಿ ಹೇಳುತ್ತಿದ್ದಳು:

"ಸ್ವಲ್ಪ ತಡೀರಿ, ನಮ್ಮ ಎಂ.ಎ. ಬಾಯಾರು ಇನ್ನಾ ಪಂಪ್ ಹೊಡೀಲಾಕತ್ಯಾರ."

"ಪುಸ್ತಕ ನೋಡಿ ಹಚ್ಚಂತ ಹೇಳ್ರಿ," ಎಂದು ಯಾರೋ ಅಂದರೆ, "ಪುಸ್ತಕಾನೇ ಹಚ್ಚಿದ್ರ ಲಗೂ ಹತ್ತೀತು," ಅನ್ನುವಳು. ಎಲ್ಲರೂ ನಗುತ್ತಿದ್ದರು. ಮಾವನೂ ನಕ್ಕರು. ಮಾವ ನಕ್ಕದ್ದು ಡೈರಿಯಲ್ಲಿಲ್ಲ, ಆದರೆ ಅವರ ಬಾಯಿಯ ಎಲೆಯಡಿಕೆಯ ಕೆಂಪು ಕೂಡ ನನಗೆ ಕಾಣುತ್ತದೆ. ಇಲ್ಲದ್ದನ್ನು ಇಷ್ಟು ಚೆನ್ನಾಗಿ ಕಾಣಲು ಸಾಧ್ಯವೇ?

ನಾನು ಹಟ ಹಿಡಿದೆ. ಪಂಪಿನ ತೊಗಲಿನ ವಾಷರ್ ಬದಲಿಸಿದೆ. ಎಣ್ಣೆಯಲ್ಲಿ ನೀರಿದೆ ಎಂದು ಒಲೆ ರಿಪೇರಿಯ ಮಿಸ್ತ್ರಿ ಹೇಳಿದ್ದಕ್ಕೆ ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿದೆ. ಬರ್ನರಿನ ನಡುವಿನ ಸಣ್ಣ ತೂತಿಗೆ ಪಿನ್ ಹಾಕಿದರೆ ಉರಿ ಸರಿಹೋಗುತ್ತಿತ್ತು, ಮರುದಿನ ಮತ್ತೆ ಅದೇ ಕಥೆ. ಆ ತೂತಿಗೆ ದಿನವೂ ಏನೋ ಬೀಳುತ್ತಿತ್ತು.

ಮಾವ ತೀರಿಕೊಂಡ ಗೆಳೆಯರೊಬ್ಬರ ಮಣ್ಣಿಗೆಂದು ಜೇವರ್ಗಿಯ ಕಡೆ ಹೋದರು, ಮೂರು ದಿನ ಬರಲಿಲ್ಲ. ಆ ಮೂರೂ ದಿನ ಬರ್ನರ್ ಒಮ್ಮೆಯೂ ಆರಲಿಲ್ಲ. ನಾಲ್ಕನೆಯ ದಿನ ಅವರು ಎಂದಿನಂತೆ ಲಿಂಗಪೂಜೆ ಮುಗಿಸಿ ಬಂದು ಬಾಯ್ಲರಿನ ಹೊಟ್ಟೆಗೆ ಮೂರು ಬೆರಳಿನ ವಿಭೂತಿ ಎಳೆದರು. ಹೊರಗಿದ್ದ ಬರ್ನರಿನ ಮೇಲೆ ಒಂದು ಚಿಟಿಕೆ ಪುಡಿ ಉದುರಿಸಿ ಕೈ ಮುಗಿದರು. ನಾನು ಅವರ ಬೆರಳುಗಳನ್ನೇ ನೋಡುತ್ತ ನಿಂತಿದ್ದೆ.

ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ವಿಭೂತಿಯಿಂದ ಒಲೆ ಆರುತ್ತದೆ ಎಂದು ಓದಿದ ಸೊಸೆ ಹೇಳಿದರೆ ಆ ಮನೆಯಲ್ಲಿ ಯಾರು ಕೇಳುತ್ತಿದ್ದರು? ಸುಮ್ಮನಿದ್ದದ್ದಕ್ಕೆ ಇದೇ ಕಾರಣ ಎಂದು ಬಹಳ ವರ್ಷ ನಂಬಿದ್ದೆ. ಈಗ ಹಾಗನ್ನಿಸುವುದಿಲ್ಲ. ಆ ಗುಟ್ಟು ನನಗೆ ಬೇಕಾಗಿತ್ತು.

ಮರುದಿನ ಬರ್ನರಿನ ಮೇಲೆ ಒಂದು ಬಟ್ಟಲು ಬೋರಲು ಹಾಕಿಟ್ಟೆ. "ಹಲ್ಲಿ ಬೀಳ್ತಾವ್ರಿ ಮಾವಾರ," ಎಂದೆ. ಅವರು ಬಟ್ಟಲಿನ ಮೇಲೆಯೇ ವಿಭೂತಿ ಉದುರಿಸಿ ಹೋದರು. ಬಟ್ಟಲಿನ ಮೇಲೆ, ಅಂಚಿನ ಸುತ್ತ ಬಿದ್ದ ಪುಡಿ ಎತ್ತುವಾಗ ತೂತಿಗೆ ಜಾರದಂತೆ ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ಬಟ್ಟಲು ಎತ್ತಿದೆ. ಉರಿ ಮಧ್ಯಾಹ್ನದ ತನಕ ನೀಲಿಯಾಗಿಯೇ ಇತ್ತು.

ಅಂದು ಊಟಕ್ಕೆ ಕೂತಾಗ ಎಲ್ಲರೆದುರಿಗೆ ಅಂದೆ: "ಅಕ್ಕಾ, ನಿಮ್ಮ ಕೈ ನನ್ನ ಕೈಗಿಂತ ಪಳಗಿದ್ದು. ಒಂದಿನ ನಾ, ಒಂದಿನ ನೀವು ಹಚ್ಚೂನು."

ನನ್ನನ್ನು ನೋಡಿ ಅಷ್ಟು ನಕ್ಕವಳು ಒಪ್ಪಲೇಬೇಕಾಯಿತು. ಅವಳ ಸರದಿಯ ದಿನ ಬಟ್ಟಲು ನನ್ನ ಟ್ರಂಕಿನಲ್ಲಿ ಇರುತ್ತಿತ್ತು.

ಅವಳು ಪಂಪ್ ಹೊಡೆದು ಬೆವರುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವಳಂತೆ ಕೂಗಿ ಹೇಳಲಿಲ್ಲ. ಗಿರಾಕಿಗಳ ಹತ್ತಿರ ಹೋಗಿ ಮೆಲ್ಲಗೆ, "ಇವತ್ತು ಅಕ್ಕಾರ ಪಾಳಿ ಅದರಿ," ಅನ್ನುತ್ತಿದ್ದೆ. ಕೆಲವರು ಎದ್ದು ಹೋಗುತ್ತಿದ್ದರು. ಒಂದು ದಿನ ಅವಳ ತವರಿನವರು ಬಂದು ಕೂತಿದ್ದಾಗ ಬರ್ನರ್ ಮೂರು ಸಲ ಆರಿತು. ಅವಳ ತಮ್ಮನ ಎದುರಿಗೇ ಮಾವ, "ಇಷ್ಟ್ ವರ್ಷಾತು, ಒಂದು ಒಲಿ ಹಚ್ಚಾಕ ಬರಂಗಿಲ್ಲೇನು ಬೇ ನಿನಗ?" ಎಂದರು. ಅವಳ ಕೈ, ಸೆರಗೆಲ್ಲ ಎಣ್ಣೆ, ಮಸಿ. ಸೆರಗಿನಿಂದ ಮುಖ ಒರೆಸಿಕೊಂಡಾಗ ಕೆನ್ನೆ ಕಪ್ಪಾಯಿತು. ಆ ಕಪ್ಪನ್ನು ನೆನೆದರೆ ಈಗಲೂ ನನಗೆ ಹಾಯೆನ್ನಿಸುತ್ತದೆ. ಬರೆಯುತ್ತಿರುವಾಗಲೂ.

ಮೇ ಕೊನೆಗೆ ಮಾವ ನನ್ನನ್ನು ಕರೆದರು. ಪ್ರೀತಿಯಿಂದಲೇ ಹೇಳಿದರು: "ಬಾಯ್ಲರ್ ನಿನ್ನ ಕೈಯಾಗಷ್ಟೇ ನಡೀತದ ತಂಗಿ. ನೀ ಸಾಲಿಗಿ ಹೋದ್ರ ಹೋಟೆಲ್ ಮುಚ್ಚೂದೇ. ಅಕ್ಕನ ಕೈಯಾಗ ನಡೆದ್ರ ಹೋಗು, ಇಲ್ಲಂದ್ರ ಇಲ್ಲ."

ಅವಳು ಎಷ್ಟು ಸೋತಳೋ ನಾನು ಅಷ್ಟು ಸಿಕ್ಕಿಬಿದ್ದಿದ್ದೆ. ಶಾಲೆ ತೆರೆಯುವ ಹಿಂದಿನ ವಾರ ಬಟ್ಟಲನ್ನು ಟ್ರಂಕಿನಿಂದ ತೆಗೆದು ಅವಳ ಕೈಗೆ ಕೊಟ್ಟು, ವಿಷಯ ಹೇಳಿದೆ.

ಅವಳು ಬಟ್ಟಲನ್ನು ತಿರುಗಿಸಿ ನೋಡಿದಳು. "ಇಷ್ಟ್ ದಿನ ನನ್ನ ನೋಡಿ ಒಳಗೊಳಗ ನಗ್ತಿದ್ದೇನು?"

"ನೀವು ಹೊರಗೇ ನಕ್ಕಿದ್ರಿ," ಎಂದೆ.

ಮರುದಿನ ಮಾವ ವಿಭೂತಿ ಉದುರಿಸಿ ಹೋದ ಮೇಲೆ ಅವಳು ಬಟ್ಟಲು ಎತ್ತಿದಳು, ಬರ್ನರ್ ಹಚ್ಚಿದಳು. ಹತ್ತು ನಿಮಿಷಕ್ಕೆ ಉರಿ ಕೆಮ್ಮಿ ಆರಿತು. ಅವಳು ನನ್ನ ಮುಖ ನೋಡಿದಳು. ನಾಲ್ಕು ದಿನ ಹೀಗೇ ಆಯಿತು. ಶಾಲೆ ತೆರೆಯಿತು. ನನ್ನ ಜಾಗಕ್ಕೆ ಬೇರೆ ಯಾರೋ ಬಂದರು.

ಬೇಕೆಂತಲೇ ಆರಿಸಿದಳು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಗಂಡನಿಗೆ, ತಂಗಿಯರಿಗೆ, ಕೊನೆಗೆ ಅವಳ ಮಗಳಿಗೂ ಹೇಳಿದೆ. ಮೊನ್ನೆ ಡೈರಿಯಲ್ಲಿ ಆ ದಿನದ ಪುಟ ಸಿಕ್ಕಿತು. ನನ್ನದೇ ಅಕ್ಷರ: "ಅಕ್ಕನಿಗೆ ಬಟ್ಟಲಿನ ವಿಷಯ ಹೇಳಿದೆ. ಒರೆಸುವುದನ್ನು ಹೇಳಲಿಲ್ಲ."

ಮರೆತೆನೆಂದು ಬರೆದಿಲ್ಲ. ಹೇಳಲಿಲ್ಲ ಎಂದು ಬರೆದಿದ್ದೇನೆ.