ಪಾಕಕ್ಕೆ ಇಟ್ಟ ಮೀಟರು

ಡಿಪ್ಲೊಮಾದಲ್ಲಿ ಎರಡು ಸಲ ಫೇಲಾಗಿದ್ದ ನನ್ನನ್ನು ಊರಿನವರು ಇಂಜಿನಿಯರ್ ಅಂತಲೇ ಕರೆಯುತ್ತಿದ್ದರು. ನಾನು ಯಾವತ್ತೂ ತಿದ್ದಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ, ಪಾಂಡವಪುರದ ಹತ್ತಿರವಿದ್ದ ಮಾವನ ಆಲೆಮನೆಗೆ ಪಾಕದ ಬಿಸಿ ತೋರಿಸುವ ಎಲೆಕ್ಟ್ರಾನಿಕ್ ಮೀಟರು ಬಂತು. ಅದನ್ನು ನೋಡಿಕೊಳ್ಳುವ ಪದವಿ ನನಗೇ ಸಿಕ್ಕಿತು.

ಅದುವರೆಗೆ ಅಲ್ಲಿ ಬೆಲ್ಲದ ಹದ ಹೇಳುತ್ತಿದ್ದವರು ಕಿರಂಗೂರಿನ ಒಬ್ಬ ತಾತ. ಒಂದು ತೊಟ್ಟು ಪಾಕವನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ನೋಡುತ್ತಿದ್ದರು. ಮೀಟರು ಬಂದ ದಿನವೂ ಹಾಗೇ ನೋಡಿದರು.

"ಬಂತು ಕಣ್ರಲಾ, ಇಳ್ಸ್ರಲಾ ಕೊಪ್ಪರಿಗೆಯ!"

"ಸುಮ್ಕಿರು ತಾತ, ಇನ್ನೂ ಎಂಟು ಡಿಗ್ರಿ ಬೇಕು. ನಿನ್ ಬೆರಳಿಗೇನು ಬ್ಯಾಟ್ರಿ ಐತಾ?" ಅಂದೆ.

ಆಳುಗಳೆಲ್ಲ ನಕ್ಕರು. ತಾತ ಬೆರಳು ಒರೆಸಿಕೊಂಡು ಹಿಂದೆ ಸರಿದರು.

ಮೀಟರಿನ ಕಡ್ಡಿಯನ್ನು ನಾನು ಪಾಕದೊಳಗೆ ಮುಳುಗಿಸದೆ ಮೇಲಿನ ನೊರೆಯಲ್ಲೇ ನಿಲ್ಲಿಸಿದ್ದೆ; ಹಾಗಾಗಿ ಅದು ಬಿಸಿಯನ್ನು ಕಡಿಮೆ ತೋರಿಸುತ್ತಿತ್ತು. ಅದು ಗೊತ್ತಾಗುವಷ್ಟರಲ್ಲಿ ಸೀದ ವಾಸನೆ ನಾಗಮಂಗಲ ದಾಟಿತ್ತು. ಅಚ್ಚಿಗೆ ಸುರಿದದ್ದು ಬೆಲ್ಲವಲ್ಲ, ರಸ್ತೆಗೆ ಹಾಕುವ ಟಾರು.

ಓಡಿಬಂದ ಮಾವ ನನ್ನ ಕಡೆ ನೋಡಲೇ ಇಲ್ಲ, ನೇರ ತಾತನ ಮೇಲೆ ಎಗರಿದರು.

"ಅಲ್ಲ ಕಣಯ್ಯ, ಮಿಸೀನ್ ಇದ್ದೂ ಇಂಗಾಯ್ತಲ್ಲ! ಮಧ್ಯದಲ್ಲಿ ನಿನ್ ಬೆರಳು ಆಕಿ ಕೆಡಿಸ್ಬುಟ್ಟೆ. ನಾಳೆಯಿಂದ ಕಬ್ಬು ಹೊರು ಓಗು, ಪಾಕ ಇವನೇ ನೋಡ್ಲಿ."

ತಾತ ನನ್ನನ್ನೇ ನೋಡಿದರು. ನಾನು ಬಗ್ಗಿ, ಮೀಟರಿನ ಕಡ್ಡಿಗೆ ಅಂಟಿದ್ದ ಕರಿಯನ್ನು ಬಹಳ ಶ್ರದ್ಧೆಯಿಂದ ಒರೆಸತೊಡಗಿದೆ.